ಮನೆಯ ಫೋಟೋ, ಕಾಗದ, ಪಾಸ್‌ವರ್ಡ್ ಮನೆಯಲ್ಲೇ ಇಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆ ಕಂಪ್ಯೂಟರ್ ಆರು ವರ್ಷದಿಂದ ಹಗಲೂ ರಾತ್ರಿ ಓಡುತ್ತಿದೆ. ನಮ್ಮ ಫೋಟೋ, ಮನೆಯ ಕಾಗದ, ಪಾಸ್‌ವರ್ಡ್ ಎಲ್ಲ ಅದರಲ್ಲಿವೆ. ಇದು ಗೊತ್ತಾದವರು ಮದುವೆ ಊಟದ ಸಾಲಿನಲ್ಲಿ, ಬಸ್ಸಿನಲ್ಲಿ, ಮಸ್ಕತ್‌ನಿಂದ ಕಳಿಸುವ ವಾಯ್ಸ್ ಮೆಸೇಜ್‌ಗಳಲ್ಲಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಸುಲಭದ್ದು ಮೊದಲಿದೆ, ಕಷ್ಟದ್ದು ಕೊನೆಗಿದೆ.

## ಶುರು ಮಾಡುವ ಮುಂಚೆ

ಸೆಲ್ಫ್ ಹೋಸ್ಟಿಂಗ್ ಅಂದ್ರೆ ಎಂತದ್ದು ಮಾರಾಯ್ರೆ? ನಮಗೆ ಅರ್ಥ ಆಗುವ ಹಾಗೆ ಹೇಳಿ.

ನಿಮ್ಮ ಫೋಟೋ ಕ್ಲೌಡ್‌ನಲ್ಲಿದೆ ಅಂದರೆ ಬೇರೆ ಯಾರದೋ ಕಂಪ್ಯೂಟರಿನಲ್ಲಿದೆ ಎಂದರ್ಥ. ಅದೇ ಕೆಲಸವನ್ನು ನಿಮ್ಮದೇ ಕಂಪ್ಯೂಟರ್ ಮನೆಯಲ್ಲೇ ಕೂತು ಮಾಡಿದರೆ ಅದು ಸೆಲ್ಫ್ ಹೋಸ್ಟಿಂಗ್. ಹೀಗೆ ಸದಾ ಓಡುತ್ತಾ ಬೇರೆ ಸಾಧನಗಳಿಗೆ ಕೆಲಸ ಮಾಡಿಕೊಡುವ ಕಂಪ್ಯೂಟರೇ ಸರ್ವರ್. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಸ್ವಂತ ಬಾವಿ ಇರುತ್ತದೆ, ಅಲ್ವಾ? ನಗರಸಭೆಯ ನಲ್ಲಿ ಇದ್ದರೂ ಬಾವಿ ಮುಚ್ಚುವುದಿಲ್ಲ. ಬಾವಿಯ ಕೆಸರು ತೆಗೆಸುವುದು, ಪಂಪು ಸರಿ ಮಾಡಿಸುವುದು ನಮ್ಮದೇ ಕೆಲಸ. ಆದರೆ ನೀರಿಗೆ ಯಾರೂ ಇದ್ದಕ್ಕಿದ್ದಂತೆ ದರ ಏರಿಸುವುದಿಲ್ಲ, ಬಂದ್ ಮಾಡುವುದೂ ಇಲ್ಲ. ಇದೂ ಹಾಗೆಯೇ.

ನನ್ನ ಹತ್ರ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೂ ಇದೆಲ್ಲ ಬೇಕಾ?

ಎಲ್ಲಕ್ಕಿಂತ ಜಾಸ್ತಿ ಕೇಳಿದ ಪ್ರಶ್ನೆ ಇದು. ಖಾಸಗಿತನ ಎಂದರೆ ತಪ್ಪು ಮುಚ್ಚಿಡುವುದಲ್ಲ. ಯಾರಿಗೆ ಏನು ಹೇಳಬೇಕು ಎಂದು ನಾವೇ ತೀರ್ಮಾನಿಸುವುದು. ಅಮ್ಮನ ರಕ್ತಪರೀಕ್ಷೆಯ ರಿಪೋರ್ಟನ್ನು ಅಕ್ಕನಿಗೆ ಕಳಿಸುತ್ತೇವೆ, ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸುವುದಿಲ್ಲ.

ಇನ್ನೊಂದು ವಿಷಯ ಯೋಚಿಸಿ. ನಿಮ್ಮ ಫೋನಿನಲ್ಲಿರುವುದು ನಿಮ್ಮದು ಮಾತ್ರ ಅಲ್ಲ. ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ದೈವದ ನೇಮದ ವಿಡಿಯೋ ಇರುತ್ತದೆ, ಪಕ್ಕದ ಮನೆಯ ಮಗುವಿನ ಫೋಟೋ ಇರುತ್ತದೆ, ತಂಗಿಯ ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನದ ಚಿತ್ರ ಇರುತ್ತದೆ. ಅವರೆಲ್ಲ ನಿಮ್ಮನ್ನು ನಂಬಿ ಕ್ಯಾಮೆರಾ ಮುಂದೆ ನಿಂತವರು.

ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ನಮ್ಮ ರಾಜ್ಯದ ಹಿರಿಯರೊಬ್ಬರು ಕೋರ್ಟು ಹತ್ತಿ ತಂದುಕೊಟ್ಟ ಹಕ್ಕನ್ನು 'ನನಗೆ ಬೇಡ' ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಓಪನ್ ಸೋರ್ಸ್ ಅಂದ್ರೆ ಫ್ರೀ ಅಂತ ಅಲ್ವಾ? ಪುಕ್ಕಟೆ ಸಿಗುವುದು ಚೆನ್ನಾಗಿರುತ್ತದಾ?

ದುಡ್ಡು ಕೊಡಬೇಕಾಗಿಲ್ಲ ಎನ್ನುವುದು ಎರಡನೇ ಮಾತು. ಆ ಸಾಫ್ಟ್‌ವೇರಿನ ಕೋಡ್ ಎಲ್ಲರ ಮುಂದಿದೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎನ್ನುವುದು ಮೊದಲನೆಯದು. ಮಾಡಿದವರು ಬಾಗಿಲು ಹಾಕಿದರೂ ಬೇರೆಯವರು ಮುಂದುವರಿಸಬಹುದು. ಪತ್ರ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಓಪನ್‌ಆಫೀಸ್ ಕೈಬದಲಾದಾಗ 2010ರಲ್ಲಿ ಲಿಬ್ರೆಆಫೀಸ್ ಹುಟ್ಟಿದ್ದು ಹಾಗೆ. ಸ್ವಂತ ಸರ್ವರಿನಲ್ಲಿ ಕಡತ ಇಡುವ ಓನ್‌ಕ್ಲೌಡ್‌ನಿಂದ 2016ರಲ್ಲಿ ನೆಕ್ಸ್ಟ್‌ಕ್ಲೌಡ್ ಕವಲೊಡೆದದ್ದೂ ಹಾಗೆ. ನೀವು ಸಿನಿಮಾ ನೋಡುವ ವಿಎಲ್‌ಸಿ ಓಪನ್ ಸೋರ್ಸ್. ಫೈರ್‌ಫಾಕ್ಸ್ ಬ್ರೌಸರ್ ಕೂಡ. ಚೆನ್ನಾಗಿದೆಯಾ ಎಂದು ನೀವೇ ಹೇಳಿ.

ಕೋಡ್ ಎಲ್ಲರಿಗೂ ಕಾಣುತ್ತದೆ ಅಂದರೆ ಕಳ್ಳರಿಗೂ ಕಾಣುತ್ತದಲ್ಲ?

ಕಾಣುತ್ತದೆ. ಕಳ್ಳನನ್ನು ಹಿಡಿಯುವವರಿಗೂ ಕಾಣುತ್ತದೆ. 2024ರ ಮಾರ್ಚ್‌ನಲ್ಲಿ ನಡೆದದ್ದು ಕೇಳಿ. ವಿಂಡೋಸ್ ಬದಲು ಬಳಸಬಹುದಾದ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಅದರಲ್ಲಿ ಎಲ್ಲೆಡೆ ಬಳಸುವ, ಕಡತ ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಸಣ್ಣ ಸಾಫ್ಟ್‌ವೇರಿಗೆ ಒಬ್ಬಾತ ಎರಡು ವರ್ಷ ಒಳ್ಳೆಯವನಂತೆ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಸೇರಿಸಿದ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್‌ಗೆ ತನ್ನ ಕಂಪ್ಯೂಟರಿಗೆ ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಯಾಕೆ ಎಂದು ಹುಡುಕುತ್ತಾ ಹೋಗಿ ಇಡೀ ಸಂಚು ಬಯಲಿಗೆ ತಂದರು. ಹೆಚ್ಚಿನ ಜನರ ಕಂಪ್ಯೂಟರಿಗೆ ಅದು ತಲುಪುವ ಮೊದಲೇ ಸಿಕ್ಕಿಬಿತ್ತು. ಕೋಡ್ ಮುಚ್ಚಿಟ್ಟಿದ್ದರೆ ಹೊರಗಿನವರೊಬ್ಬರು ಅಷ್ಟು ಬೇಗ ಬೇರಿನವರೆಗೆ ಹೋಗಲು ಆಗುತ್ತಿರಲಿಲ್ಲ. ಹಾಗೆಂದು ಓಪನ್ ಸೋರ್ಸ್ ಆದ ಕೂಡಲೇ ಎಲ್ಲವೂ ಸುರಕ್ಷಿತ ಅಲ್ಲ. ನೋಡಿಕೊಳ್ಳುವ ಜನ ಇರುವ, ಆಗಾಗ ಅಪ್‌ಡೇಟ್ ಬರುವ ಸಾಫ್ಟ್‌ವೇರನ್ನೇ ಆರಿಸಿಕೊಳ್ಳಿ.

ಸರ್ವರ್ ಎಲ್ಲ ನಮಗೆ ಬೇಡ. ಈ ಭಾನುವಾರ ಕೂತು ಮಾಡುವಂಥದ್ದು ಏನಾದರೂ ಉಂಟಾ?

ಉಂಟು. ಮೊದಲು ವೈಫೈ ರೂಟರ್ ನೋಡಿ. ಇಂಟರ್ನೆಟ್ ಹಾಕಲು ಬಂದ ಹುಡುಗ ಇಟ್ಟುಹೋದ ಪಾಸ್‌ವರ್ಡೇ ಇನ್ನೂ ಇದ್ದರೆ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ರೂಟರಿನ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಬೇರೆ. ಎರಡನ್ನೂ ಬದಲಿಸಬೇಕು.

ಆಮೇಲೆ ಬಿಟ್‌ವಾರ್ಡನ್ ಹಾಕಿಕೊಳ್ಳಿ. ಅದು ಓಪನ್ ಸೋರ್ಸ್ ಪಾಸ್‌ವರ್ಡ್ ಪುಸ್ತಕ. ಒಂದು ಉದ್ದದ ಪಾಸ್‌ವರ್ಡ್ ನೆನಪಿಟ್ಟರೆ ಉಳಿದದ್ದು ಅದು ನೋಡಿಕೊಳ್ಳುತ್ತದೆ. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಆರಿಜಿನ್ ಸೇರಿಸಿ, ಜಾಹೀರಾತು ಮತ್ತು ಹಿಂಬಾಲಿಸುವ ಕೋಡ್ ಎರಡೂ ಕಡಿಮೆಯಾಗುತ್ತವೆ. ವಾಟ್ಸಾಪ್ ಮಾತುಕತೆ ಬೇರೆಯವರಿಗೆ ಓದಲಾಗದಂತೆ ಹೋಗುತ್ತದೆ ನಿಜ. ಆದರೆ ಕ್ಲೌಡ್‌ಗೆ ಹೋಗುವ ಅದರ ಬ್ಯಾಕಪ್‌ಗೆ ಅದೇ ಬೀಗ ಬೇಕೆಂದರೆ ಚಾಟ್ ಬ್ಯಾಕಪ್ ಸೆಟ್ಟಿಂಗ್‌ಗೆ ಹೋಗಿ ಎನ್‌ಕ್ರಿಪ್ಷನ್ ಆನ್ ಮಾಡಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ ಯಾಕೆ ಬೇಕು? ಅಂಥ ಅನುಮತಿಗಳನ್ನೂ ತೆಗೆದುಹಾಕಿ. ಇಷ್ಟು ಮಾಡಿ ಇಲ್ಲಿಗೇ ನಿಲ್ಲಿಸಿದರೂ ನನಗೆ ಸಂತೋಷವೇ.

## ಮನೆಯಲ್ಲಿ ಸರ್ವರ್ ಇಡುವುದು

15 ಜಿಬಿ ಮುಗಿಯಿತು ಅಂತ ದಿನಾ ಬರ್ತಾ ಉಂಟು. ಫೋಟೋ ಎಲ್ಲಿ ಹಾಕುವುದು?

2021ರ ಜೂನ್ 1ರವರೆಗೆ ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಫೋಟೋಗಳನ್ನು ಪುಕ್ಕಟೆ ಇಡಬಹುದಿತ್ತು. ಆಮೇಲೆ ಹಾಕಿದ್ದೆಲ್ಲ 15 ಜಿಬಿಯೊಳಗೆ ಬರಬೇಕಾಯಿತು. ಮೇಲ್, ಡ್ರೈವ್, ಫೋಟೋ ಮೂರೂ ಅದೇ 15ರಲ್ಲಿ. ಜನ ನನ್ನ ಹತ್ತಿರ ಬರುವುದು ಹೆಚ್ಚಾಗಿ ಈ ಸಂಕಟ ಹಿಡಿದುಕೊಂಡೇ.

ನಾನು ಮೊದಲು ನೆಕ್ಸ್ಟ್‌ಕ್ಲೌಡ್ ಬಳಸುತ್ತಿದ್ದೆ, ಈಗ ಫೋಟೋಗೆಂದೇ ಮಾಡಿದ ಓಪನ್ ಸೋರ್ಸ್ ಸಾಫ್ಟ್‌ವೇರ್ ಇಮಿಚ್. ಫೋನಿನಲ್ಲಿ ಅದರ ಆ್ಯಪ್ ಇರುತ್ತದೆ. ಮನೆಗೆ ಬಂದು ವೈಫೈ ಸಿಕ್ಕಿದ ಕೂಡಲೇ ಹೊಸ ಫೋಟೋಗಳು ತಾವಾಗಿಯೇ ಮನೆಯ ಕಂಪ್ಯೂಟರಿಗೆ ಇಳಿಯುತ್ತವೆ. ಮುಖ ಗುರುತಿಸುವುದು, 'ಸಮುದ್ರ', 'ಆನೆ' ಎಂದೆಲ್ಲ ಹುಡುಕುವುದು ಅದರಲ್ಲೂ ಇದೆ. ವ್ಯತ್ಯಾಸ ಏನೆಂದರೆ, ನನ್ನ ಮಗಳ ಮುಖ ಗುರುತಿಸುವ ಲೆಕ್ಕಾಚಾರ ನಮ್ಮ ಕಪಾಟಿನಲ್ಲೇ ನಡೆಯುತ್ತದೆ. ಆ ಮುಖ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಬಹುದು.

ಹಳೆಯ ಫೋಟೋಗಳನ್ನು ಗೂಗಲ್‌ನಿಂದ ಅವರದೇ ಟೇಕ್‌ಔಟ್ ಎಂಬ ಸೌಲಭ್ಯದ ಮೂಲಕ ಇಳಿಸಿಕೊಳ್ಳಬಹುದು. ಇಳಿಸಿಕೊಂಡ ಕೂಡಲೇ ಅಲ್ಲಿರುವುದನ್ನು ಅಳಿಸಬೇಡಿ. ಆರು ತಿಂಗಳು ಎರಡೂ ಕಡೆ ಇರಲಿ. ನಿಮ್ಮ ಸರ್ವರ್ ಮೇಲೆ ನಿಮಗೇ ನಂಬಿಕೆ ಬರುವವರೆಗೆ ಕಾಯಿರಿ.

ಯಾವ ಮೆಷಿನ್ ತೆಗೆದುಕೊಳ್ಳಬೇಕು? ಮನೆಯಲ್ಲಿ ಒಂದು ಹಳೆ ಲ್ಯಾಪ್‌ಟಾಪ್ ಉಂಟು, ಆದೀತಾ?

ಧಾರಾಳ ಆಗುತ್ತದೆ. 8 ಜಿಬಿ ರ್‍ಯಾಮ್ ಇದ್ದರೆ ಇಮಿಚ್ ಕೂಡ ಆರಾಮಾಗಿ ಓಡುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಒಳ್ಳೆಯ ಕಂಪ್ಯೂಟರ್‌ಗಳು ಸುಮ್ನೆ ಕೂತಿವೆ. ಅವುಗಳಿಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ಸರ್ವರ್ ಆಗಿ ದುಡಿಯುತ್ತವೆ. ಲ್ಯಾಪ್‌ಟಾಪ್‌ನ ಬ್ಯಾಟರಿ ಸರಿಯಿದ್ದರೆ ಅದೇ ಪುಟ್ಟ ಯುಪಿಎಸ್. ಆದರೆ ಬ್ಯಾಟರಿ ಉಬ್ಬಿದೆಯಾ ಎಂದು ಆಗಾಗ ನೋಡಿ, ಉಬ್ಬಿದ್ದರೆ ಆ ದಿನವೇ ತೆಗೆಸಿ.

ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಕೂಡ ಒಳ್ಳೆಯದು, ಕರೆಂಟ್ ತೀರಾ ಕಡಿಮೆ ಸಾಕು. ಅದರಲ್ಲಿ ಮೆಮೊರಿ ಕಾರ್ಡಿನ ಮೇಲೆ ಮಾತ್ರ ಫೋಟೋ ಇಡಬೇಡಿ. ಕರೆಂಟ್ ಪದೇ ಪದೇ ಹೋಗುವ ಊರಿನಲ್ಲಿ ಆ ಕಾರ್ಡುಗಳು ಬಾಳುವುದಿಲ್ಲ.

ದಿನವಿಡೀ ಆನ್ ಇಟ್ಟರೆ ಬಿಲ್ ಎಷ್ಟು ಬರಬಹುದು?

10 ವ್ಯಾಟ್ ಎಳೆಯುವ ಸಣ್ಣ ಮೆಷಿನ್ ತಿಂಗಳಿಗೆ ಸುಮಾರು 7 ಯೂನಿಟ್ ತಿನ್ನುತ್ತದೆ. ಯೂನಿಟ್‌ಗೆ ಆರೇಳು ರೂಪಾಯಿ ಹಿಡಿದರೂ 50 ರೂಪಾಯಿ ಆಸುಪಾಸು. ಹಳೆಯ ದೊಡ್ಡ ಡೆಸ್ಕ್‌ಟಾಪ್ ಆದರೆ ಇದರ ಐದಾರು ಪಟ್ಟು ಹೋಗಬಹುದು. ಗೃಹಜ್ಯೋತಿಯಲ್ಲಿರುವವರು ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ಎಷ್ಟು ಎಂದು ಬಿಲ್ಲಿನಲ್ಲಿ ನೋಡಿಕೊಂಡು ಮೆಷಿನ್ ಆರಿಸಿ.

ಮಳೆಗಾಲದಲ್ಲಿ ಇಲ್ಲಿ ಕರೆಂಟೇ ಇರುವುದಿಲ್ಲ, ಸಿಡಿಲು ಬೇರೆ. ಇಂಥ ಊರಿನಲ್ಲಿ ಇದು ನಡೆಯುತ್ತದಾ?

ನಡೆಯುತ್ತದೆ, ಊರಿಗೆ ತಕ್ಕ ಹಾಗೆ ಇಟ್ಟುಕೊಂಡರೆ. ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಕರಾವಳಿಯ ಮಳೆ, ಉಪ್ಪು ಗಾಳಿ, ಬೂಸ್ಟು ಇರುವುದಿಲ್ಲ. ಅದಕ್ಕೇ ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಡಿಲಿನ ಕಾಟ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗಿಂತ ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಜಾಸ್ತಿ. ಗುಡುಗು ಶುರುವಾದ ಕೂಡಲೇ ಟಿವಿ ಪ್ಲಗ್ ಎಳೆಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಸರ್ವರಿಗೂ ಅದೇ ಮಾಡಿ, ಆದರೆ ಮೊದಲು ಶಟ್‌ಡೌನ್ ಮಾಡಿ. ಸಿಡಿಲು ಕರೆಂಟ್ ತಂತಿಯಲ್ಲಿ ಮಾತ್ರ ಬರುವುದಿಲ್ಲ, ತಾಮ್ರದ ತಂತಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬರಬಹುದು. ಫೈಬರ್ ಕೇಬಲ್‌ನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ರೂಟರಿನ ಅಡಾಪ್ಟರ್ ಗೋಡೆಯ ಪ್ಲಗ್‌ಗೇ ಸಿಕ್ಕಿಸಿರುತ್ತದೆ. ಅಲ್ಲಿಂದ ಬಂದದ್ದು ನೆಟ್‌ವರ್ಕ್ ಕೇಬಲ್ ಹಿಡಿದು ಕಂಪ್ಯೂಟರಿಗೆ ಇಳಿಯುತ್ತದೆ. ಹಾಗಾಗಿ ಆ ಕೇಬಲ್ಲನ್ನೂ ಎಳೆದಿಡಿ. ಹಳೆ ಮನೆಗಳಲ್ಲಿ ಅರ್ಥಿಂಗ್ ಸರಿಯಿದೆಯಾ ಎಂದು ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅದು ಕಂಪ್ಯೂಟರಿಗಿಂತ ಮೊದಲು ಮನುಷ್ಯರಿಗೆ ಬೇಕು.

ಕರೆಂಟ್ ಇದ್ದಕ್ಕಿದ್ದಂತೆ ಹೋಗುವುದಕ್ಕೆ ಯುಎಸ್‌ಬಿ ಕಿಂಡಿ ಇರುವ ಯುಪಿಎಸ್ ಹುಡುಕಿ. ಎನ್‌ಯುಟಿ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಲವು ಯುಪಿಎಸ್‌ಗಳ ಜೊತೆ ಮಾತಾಡುತ್ತದೆ. ಬ್ಯಾಟರಿ ಮುಗಿಯುತ್ತಾ ಬಂದಾಗ ಸರ್ವರನ್ನು ಸರಿಯಾಗಿ ಮಲಗಿಸುತ್ತದೆ. ಕರೆಂಟ್ ಬಂದ ಮೇಲೆ ತಾನೇ ಏಳಬೇಕಾದರೆ ಕಂಪ್ಯೂಟರ್ ಆನ್ ಆಗುವಾಗ ಮೊದಲು ಓಡುವ ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಆನ್ ಮಾಡಿ.

ಇನ್ನು ಪಸೆ, ಅಂದರೆ ತೇವ. ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಇಡಬೇಡಿ. ಓಡುತ್ತಿರುವ ಮೆಷಿನ್ ತನ್ನ ಬಿಸಿಯಲ್ಲೇ ಒಣಗಿರುತ್ತದೆ. ಕೆಡುವುದು ಹೆಚ್ಚಾಗಿ ಬಳಸದೆ ಪೆಟ್ಟಿಗೆಯಲ್ಲಿಟ್ಟ ಡಿಸ್ಕ್. ಅದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನಾನು ಪ್ರತಿವರ್ಷ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರ, ಎಲ್ಲ ಡಿಸ್ಕ್ ಹೊರತೆಗೆದು ಓದಿಸಿ ನೋಡುತ್ತೇನೆ. ಮಳೆ ಹಿಡಿಯುವ ಮುಂಚೆ ಮಾಡಿನ ಹಂಚು ನೋಡುವ ಹಾಗೆ.

ಎರಡು ಡಿಸ್ಕ್ ಹಾಕಿದ್ದೇನೆ, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಉಂಟು. ಬ್ಯಾಕಪ್ ಆಯಿತಲ್ಲ?

ಆಗಲಿಲ್ಲ. ಒಂದೇ ಮೆಷಿನ್‌ನಲ್ಲಿ ಎರಡು ಡಿಸ್ಕ್ ಜೋಡಿಸುವುದು ರೇಡ್. ಒಂದು ಡಿಸ್ಕ್ ಸತ್ತರೆ ಅದು ಕಾಪಾಡುತ್ತದೆ. ನೀವೇ ತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲಿಗೆ ಎರಡೂ ಒಟ್ಟಿಗೇ ಹೋಗುತ್ತವೆ.

ನನಗೆ ಇದನ್ನು ಕಲಿಸಿದ್ದು ಒಂದು ನಷ್ಟ. ಮಗಳು ಹುಟ್ಟಿದ ವರ್ಷದ ಫೋಟೋ ಎಲ್ಲ ಒಂದೇ ಡಿಸ್ಕ್‌ನಲ್ಲಿತ್ತು. ಒಂದು ಜುಲೈ ಬೆಳಿಗ್ಗೆ ಅದು ಟಿಕ್ ಟಿಕ್ ಎನ್ನತೊಡಗಿತು, ಮತ್ತೆ ತೆರೆಯಲಿಲ್ಲ. ಅವಳ ತೊಟ್ಟಿಲು ಹಾಕಿದ ದಿನದ ಚಿತ್ರಗಳಲ್ಲಿ ಸಂಬಂಧಿಕರು ವಾಟ್ಸಾಪ್‌ನಲ್ಲಿ ಉಳಿಸಿಕೊಂಡಿದ್ದ ನಾಲ್ಕೈದು ಮಾತ್ರ ನಮ್ಮಲ್ಲಿವೆ, ಅದೂ ಮಸುಕಾಗಿ.

ಅನುಭವಿಗಳು ಹೇಳುವ ಲೆಕ್ಕ 3, 2, 1. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಮನೆಯ ಹೊರಗೆ. ನಮ್ಮ ಮೂರನೇ ಪ್ರತಿ ಕಾರ್ಕಳದ ಅಣ್ಣನ ಮನೆಯಲ್ಲಿದೆ. ಹಬ್ಬಕ್ಕೆ ಹೋದಾಗ ಡಿಸ್ಕ್ ಬದಲಿಸಿಕೊಂಡು ಬರುತ್ತೇವೆ. ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಬಳಸಿದರೆ ಬ್ಯಾಕಪ್‌ಗೆ ಬೀಗವೂ ಬೀಳುತ್ತದೆ, ಡಿಸ್ಕ್ ಕಳೆದುಹೋದರೂ ಬೇರೆಯವರಿಗೆ ಓದಲಾಗದು. ಮತ್ತೆ, ವಾಪಸ್ ತೆಗೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ. ತಿಂಗಳಿಗೊಮ್ಮೆ ಯಾವುದಾದರೂ ಹತ್ತು ಫೋಟೋ ವಾಪಸ್ ತೆಗೆದು ತೆರೆದು ನೋಡಿ.

ಹಳೆ ಪಹಣಿ, ಕ್ರಯಪತ್ರ, ಅಜ್ಜನ ಕಾಲದ ಕಾಗದ ಎಲ್ಲ ಬೂಸ್ಟು ಹಿಡಿಯುತ್ತಾ ಉಂಟು. ಅದಕ್ಕೆ ಏನಾದರೂ ದಾರಿ?

ಪೇಪರ್‌ಲೆಸ್ ಎನ್‌ಜಿಎಕ್ಸ್ ಎಂಬ ಸಾಫ್ಟ್‌ವೇರ್ ನೋಡಿ. ಸ್ಕ್ಯಾನ್ ಮಾಡಿ ಹಾಕಿದರೆ ಅದು ಅಕ್ಷರ ಓದಿ, ಆಮೇಲೆ ಹೆಸರು ಅಥವಾ ಸರ್ವೆ ನಂಬರ್ ಹೊಡೆದಾಗ ಹುಡುಕಿಕೊಡುತ್ತದೆ. ಒಳಗೆ ಕೆಲಸ ಮಾಡುವುದು ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್. ಅದಕ್ಕೆ ಕನ್ನಡ ಬರುತ್ತದೆ, ಆದರೆ ಕನ್ನಡ ಮೊದಲೇ ಸೇರಿರುವುದಿಲ್ಲ, ಸೆಟ್ಟಿಂಗ್‌ನಲ್ಲಿ ಸೇರಿಸಬೇಕು. ಅಚ್ಚಾದ ಕನ್ನಡವನ್ನು ಒಂದು ಮಟ್ಟಿಗೆ ಓದುತ್ತದೆ. ಕೈಬರಹದ ಹಳೆ ದಸ್ತಾವೇಜು ಓದಲು ಆಗುವುದಿಲ್ಲ. ಅಂಥವಕ್ಕೆ ನೀವೇ ಊರು, ವರ್ಷ, ಹೆಸರು ಬರೆದು ಗುರುತು ಹಾಕಿ. ಮೂಲ ಕಾಗದ ಮಾತ್ರ ಎಸೆಯಬೇಡಿ, ಕೋರ್ಟಿನಲ್ಲಿ ಬೇಕಾಗುವುದು ಅದೇ.

ಇದರಲ್ಲೆಲ್ಲ ಕನ್ನಡ ಸರಿ ಬರುತ್ತದಾ? ನನಗೆ ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ.

ಬರುತ್ತದೆ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಎಂದು ಹುಡುಕಿ, ನುಡಿಯ ಅಭ್ಯಾಸ ಇದ್ದವರಿಗೆ ಕೈ ಬೇಗ ಒಗ್ಗುತ್ತದೆ. ಸರ್ಕಾರ ಒಪ್ಪಿದ ಕೀಲಿಮಣೆಗೆ ತಳಹದಿ ಹಾಕಿದವರು ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ತಮ್ಮ ವಿನ್ಯಾಸವನ್ನು ಅವರು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಓಪನ್ ಸೋರ್ಸ್ ಎಲ್ಲಿಯದೋ ವಿಷಯ ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ತೊಂದರೆ ಕೊಡುವುದು ಹಳೆ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಕಡತಗಳು. ಅವು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲದಿದ್ದರೆ ಆ ಫಾಂಟ್ ಇಲ್ಲದ ಕಡೆ ಗೀಚಿದ ಹಾಗೆ ಕಾಣುತ್ತವೆ. ಈಗಲೇ ಯೂನಿಕೋಡ್‌ಗೆ ಬದಲಿಸಿ ಇಡಿ.

ಮನೆಗೆ ಸಿಸಿಟಿವಿ ಹಾಕಿಸಿದ್ದೇವೆ, ಫೋನಿನಲ್ಲೇ ಕಾಣುತ್ತದೆ. ಏನಾದರೂ ಅಪಾಯ ಉಂಟಾ?

ಹಾಕಿದವರು ಇಟ್ಟ ಪಾಸ್‌ವರ್ಡ್ ಬದಲಿಸದಿದ್ದರೆ ಉಂಟು. ರೆಕಾರ್ಡಿಂಗ್ ಮನೆಯ ಪೆಟ್ಟಿಗೆಯಲ್ಲೇ ಇರುವ ಕ್ಯಾಮೆರಾ ಆರಿಸಿ. ಬೇರೆ ಸಾಫ್ಟ್‌ವೇರಿಗೂ ವಿಡಿಯೋ ಕೊಡುವ ಆರ್‌ಟಿಎಸ್‌ಪಿ ಸೌಲಭ್ಯ ಇರುವ ಕ್ಯಾಮೆರಾ ಆದರೆ ಫ್ರಿಗೇಟ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಸಿ ಕ್ಲೌಡ್ ಇಲ್ಲದೆಯೇ ಎಲ್ಲವನ್ನೂ ನೋಡಬಹುದು. ಮಲಗುವ ಕೋಣೆಯೊಳಗೆ ಕ್ಯಾಮೆರಾ ಬೇಡವೇ ಬೇಡ.

## ಸ್ವಲ್ಪ ಮುಂದೆ ಹೋದವರಿಗೆ

ಮಗ ದುಬೈಯಲ್ಲಿದ್ದಾನೆ. ಅವನಿಗೂ ಮನೆಯ ಫೋಟೋ ಕಾಣಬೇಕು, ಹೇಗೆ?

ಇಲ್ಲಿ ಒಂದು ಅಡ್ಡಿ ಇದೆ. ಇಂಟರ್ನೆಟ್ ಕಂಪನಿಗಳು ಹಲವು ಮನೆಗಳಿಗೆ ಸೇರಿ ಒಂದೇ ಹೊರ ವಿಳಾಸ ಕೊಡುವುದು ಈಗ ಸಾಮಾನ್ಯ. ಇಡೀ ಫ್ಲ್ಯಾಟಿಗೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಕಾಗದ ಗೇಟಿನವರೆಗೆ ಬರುತ್ತದೆ, ಯಾವ ಮನೆಗೆ ಎಂದು ಗೊತ್ತಾಗುವುದಿಲ್ಲ. ಇದನ್ನು ಸಿಜಿ ನ್ಯಾಟ್ ಎನ್ನುತ್ತಾರೆ. ರೂಟರಿನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದರೂ ಪ್ರಯೋಜನವಿಲ್ಲ. ಸಿಜಿ ನ್ಯಾಟ್ ಇಲ್ಲದವರಿಗೂ ಪೋರ್ಟ್ ತೆರೆಯಿರಿ ಎಂದು ನಾನು ಹೇಳುವುದಿಲ್ಲ.

ಟೇಲ್‌ಸ್ಕೇಲ್ ಎಂಬ ಸಾಫ್ಟ್‌ವೇರ್ ಈ ಅಡ್ಡಿ ದಾಟಿಸುತ್ತದೆ. ವೈರ್‌ಗಾರ್ಡ್ ಎಂಬ ಓಪನ್ ಸೋರ್ಸ್ ವಿಪಿಎನ್ ಮೇಲೆ ಕಟ್ಟಿದ್ದು. ನಿಮ್ಮ ಸಾಧನಗಳು ಮಾತ್ರ ಇರುವ ಒಂದು ಖಾಸಗಿ ನೆಟ್‌ವರ್ಕ್, ಅಂದರೆ ವಿಪಿಎನ್, ಆಗುತ್ತದೆ. ಸಾಧನಗಳನ್ನು ಪರಿಚಯಿಸುವ ಅವರ ಸರ್ವರ್ ಓಪನ್ ಸೋರ್ಸ್ ಅಲ್ಲ. ಅದೂ ನಿಮ್ಮದೇ ಬೇಕೆಂದರೆ ಹೆಡ್‌ಸ್ಕೇಲ್ ಇದೆ.

ಆದರೆ ಯುಎಇಯಲ್ಲಿ ವಿಪಿಎನ್ ದುರ್ಬಳಕೆಗೆ ಭಾರಿ ದಂಡ ಇದೆ. ಮಗ ಅಲ್ಲಿಯ ನಿಯಮ ತಿಳಿದುಕೊಂಡು ಮುಂದುವರಿಯಲಿ. ಮನೆಯ ಆಲ್ಬಂ ಒಂದನ್ನು ಹಂಚಿಕೊಳ್ಳಲು ಸಿಂಕ್‌ಥಿಂಗ್ ಎಂಬ ಸಾಫ್ಟ್‌ವೇರ್ ಸಾಕು. ಅದಕ್ಕೆ ವಿಪಿಎನ್ ಬೇಡ, ಸರ್ವರೂ ಬೇಡ. ಇಲ್ಲಿಯ ಫೋಲ್ಡರ್‌ಗೆ ಹಾಕಿದ್ದು ಅಲ್ಲಿಯ ಕಂಪ್ಯೂಟರಿನಲ್ಲಿ ಬರುತ್ತದೆ, ದಾರಿಯಲ್ಲಿ ಯಾರೂ ಓದಲಾಗದು. ನಿಮಗೆ ಮನೆಯ ಹೊರಗೊಂದು ಪ್ರತಿಯೂ ಸಿಕ್ಕಿತು.

ಡಾಕರ್ ಕಲಿಯಲೇಬೇಕಾ?

ಕಲಿತರೆ ಒಳ್ಳೆಯದು. ಸಾಫ್ಟ್‌ವೇರುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟು ಓಡಿಸುವ ಸಾಧನ ಡಾಕರ್. ಒಂದೊಂದು ಸಾಫ್ಟ್‌ವೇರಿಗೂ ಬೇಕಾದ ಸಾಮಾನು ಅದರದೇ ಪೆಟ್ಟಿಗೆಯಲ್ಲಿರುತ್ತದೆ, ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗುವುದಿಲ್ಲ. ಇಮಿಚ್, ಪೇಪರ್‌ಲೆಸ್ ಎರಡೂ ಹೀಗೆ ಸುಲಭವಾಗಿ ಕೂರುತ್ತವೆ. ನಕಲು ಮಾಡಿ ಅಂಟಿಸುವ ಮೊದಲು ಪ್ರತಿ ಸಾಲು ಓದಿ. ಡೇಟಾ ಯಾವ ಫೋಲ್ಡರಿನಲ್ಲಿ ಕೂರುತ್ತದೆ ಎಂಬ ಒಂದು ಸಾಲು ಅರ್ಥವಾಗದೆ ಮುಂದೆ ಹೋಗಬೇಡಿ. ಅಪ್‌ಡೇಟ್ ಹಾಕುವ ಮುಂಚೆ ಅದರ ಟಿಪ್ಪಣಿ ಓದಿ, ಒಂದು ಬ್ಯಾಕಪ್ ತೆಗೆದಿಡಿ.

ಇಮೇಲ್ ಕೂಡ ಮನೆಯಲ್ಲೇ ಇಟ್ಟರೆ?

ಬೇಡ. ಮನೆಯ ಇಂಟರ್ನೆಟ್‌ನಿಂದ ಹೋದ ಇಮೇಲನ್ನು ದೊಡ್ಡ ಕಂಪನಿಗಳು ಸ್ಪ್ಯಾಮ್ ಎಂದು ತಳ್ಳುವುದೇ ಹೆಚ್ಚು. ಸಿಡಿಲು ಬಂದ ದಿನ ಬ್ಯಾಂಕಿನ ಮೇಲ್ ಬಾರದಿದ್ದರೆ ಕಷ್ಟ.

ಗೂಗಲ್ ಪೂರ್ತಿ ಬಿಟ್ಟಿದ್ದೀರಾ? ಯುಪಿಐ ಇಲ್ಲದೆ ಹೇಗೆ?

ಬಿಟ್ಟಿಲ್ಲ. ಮಲ್ಪೆಯಲ್ಲಿ ಮೀನು ತರುವಾಗ ನಾನೂ ಕ್ಯೂಆರ್ ಸ್ಕ್ಯಾನ್ ಮಾಡುತ್ತೇನೆ. ಬ್ಯಾಂಕ್ ಆ್ಯಪ್‌ಗಳು ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದ ಫೋನಿನಲ್ಲಿ ಕೆಲವೊಮ್ಮೆ ಓಡುವುದೇ ಇಲ್ಲ. ಹಾಗಾಗಿ ಫೋನ್ ಇದ್ದ ಹಾಗೇ ಇರಲಿ. ಎಲ್ಲವನ್ನೂ ಒಂದೇ ದಿನ ಬಿಡುತ್ತೇನೆ ಎಂದು ಹೊರಟವರು ತಿಂಗಳೊಳಗೆ ಎಲ್ಲಕ್ಕೂ ವಾಪಸ್ ಹೋದದ್ದನ್ನು ನೋಡಿದ್ದೇನೆ. ಕಳೆದುಹೋದರೆ ಮತ್ತೆ ಸಿಗದ್ದು ಯಾವುದು? ಅದನ್ನು ಮೊದಲು ಮನೆಗೆ ತನ್ನಿ. ಉಳಿದದ್ದಕ್ಕೆ ಅವಸರವಿಲ್ಲ.

ನಿಮಗೇನಾದರೂ ಆದರೆ ಹೆಂಡತಿ ಮಕ್ಕಳಿಗೆ ಇದೆಲ್ಲ ಸಿಗುತ್ತದಾ?

ಇದನ್ನು ಕೇಳಿದವರು ಕಂಕನಾಡಿಯ ಒಬ್ಬ ಅಮ್ಮ. ಅವರ ಯಜಮಾನರು ತೀರಿಹೋದ ಮೇಲೆ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕು ವರ್ಷ ಕಷ್ಟಪಟ್ಟು ಕಟ್ಟಿದ್ದೆಲ್ಲ ನನ್ನ ತಲೆಯೊಳಗೆ ಮಾತ್ರ ಇತ್ತು.

ಆಮೇಲೆ ಎರಡು ಕೆಲಸ ಮಾಡಿದೆ. ಇಮಿಚ್ ಫೋಟೋಗಳನ್ನು ಸಾಮಾನ್ಯ ಕಡತಗಳಾಗಿಯೇ ಇಡುತ್ತದೆ. ವರ್ಷ, ತಿಂಗಳ ಪ್ರಕಾರ ಫೋಲ್ಡರ್ ಆಗುವ ಹಾಗೆ ಅದರಲ್ಲಿ ಸೆಟ್ ಮಾಡಿದೆ. ಅದರ ಒಂದು ಪ್ರತಿಯನ್ನು ವಿಂಡೋಸ್‌ಗೂ ಓದಲಾಗುವ ಎಕ್ಸ್‌ಫ್ಯಾಟ್ ಮಾದರಿಯ ಡಿಸ್ಕ್‌ಗೆ, ಬೀಗ ಹಾಕದೆ, ತೆಗೆದು ಗೋದ್ರೆಜ್ ಕಪಾಟಿನಲ್ಲಿ ಚಿನ್ನದ ಪೆಟ್ಟಿಗೆಯ ಪಕ್ಕ ಇಟ್ಟೆ. ಆ ಡಿಸ್ಕನ್ನು ಯಾವ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೂ ಫೋಟೋ ಕಾಣುತ್ತದೆ, ಸರ್ವರ್ ಗೊತ್ತಿರಬೇಕಾಗಿಲ್ಲ. ಬೀಗ ಇರುವುದು ಅಣ್ಣನ ಮನೆಯ ಡಿಸ್ಕ್‌ಗೆ, ಇದಕ್ಕಲ್ಲ.

ಎರಡನೆಯದು ಒಂದು ನೋಟ್‌ಬುಕ್. ಮುಖ್ಯ ಪಾಸ್‌ವರ್ಡ್, ಯಾವ ಡಿಸ್ಕ್ ಎಲ್ಲಿದೆ, ಸರ್ವರ್ ಆಫ್ ಮಾಡುವುದು ಹೇಗೆ, ಬೇಡವೆಂದರೆ ಎಲ್ಲ ನಿಲ್ಲಿಸಿ ಬರೀ ಫೋಟೋ ಉಳಿಸಿಕೊಳ್ಳುವುದು ಹೇಗೆ ಎಂದು ಕೈಯಲ್ಲಿ ಬರೆದಿದ್ದೇನೆ. ಕಳೆದ ದೀಪಾವಳಿ ರಜೆಯಲ್ಲಿ ನಾನು ಪಕ್ಕದಲ್ಲಿ ಸುಮ್ಮನೆ ಕೂತೆ, ಹೆಂಡತಿ ಆ ನೋಟ್‌ಬುಕ್ ನೋಡಿಕೊಂಡು ಎಲ್ಲವನ್ನೂ ಮಾಡಿದಳು. ಎರಡು ಕಡೆ ನಾನು ಬರೆದದ್ದು ಅವಳಿಗೆ ಅರ್ಥವಾಗಲಿಲ್ಲ. ಆ ಎರಡು ಸಾಲು ಈಗ ಅವಳ ಕೈಬರಹದಲ್ಲಿವೆ.